ಎಡ ಚಕ್ರದ ಪಿನ್ನು

ಮೂರು ಚಕ್ರದ ಸೈಕಲ್ಲು ಮನೆಗೆ ಬಂದದ್ದು ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆಯೊಳಗೆ. ತಂದವರಿಬ್ಬರು ಅದನ್ನು ನಡುಮನೆಯಲ್ಲಿ ಇಳಿಸಿ, ಸಹಿ ಹಾಕಿಸಿಕೊಂಡು, ನೀರು ಕುಡಿದು ಹೋದರು. ಅಮ್ಮ ಪೆಟ್ಟಿಗೆಗೆ ಒಂದು ಸುತ್ತು ಬಂದು ನೋಡಿದಳು.

"ಇದರ ಮೇಲೆ ಹೇಗೋ ಕೂತ್ಕೊಳ್ಳೋದು?"

"ಜೋಡಿಸ್ಬೇಕಮ್ಮ," ಎಂದ ಮಗ. "ನಾಳೆ ಅಂಗಡಿಯಿಂದ ಒಬ್ಬ ಬರ್ತಾನೆ. ಅರ್ಧ ಗಂಟೆ ಕೆಲಸ ಅಂತೆ."

"ಯಾರೂ ಬರೋದು ಬೇಡ." ಈ ಮಾತು ಒಳಗಿನ ಕೋಣೆಯಿಂದ ಬಂತು. ಅದರ ಹಿಂದೆಯೇ ಅವನ ಅಪ್ಪ, ಮೇಸ್ತ್ರಿ, ಬಂದರು, ಕನ್ನಡಕ ಹಣೆಯ ಮೇಲೆ, ಕೈಯಲ್ಲಿ ಸ್ಪ್ಯಾನರಿನ ಪೆಟ್ಟಿಗೆ. "ಮೂವತ್ತನಾಲ್ಕು ವರ್ಷ ಪಂಪು ಜೋಡಿಸಿದವನ ಮನೇಲಿ ಸೈಕಲ್ ಜೋಡಿಸೋಕೆ ಹೊರಗಿನವನು ಬರ್ಬೇಕಾ? ಕೇಳಿದವರು ನಗ್ತಾರೆ."

ಮಗ ಹೆಂಡತಿಯ ಮುಖ ನೋಡಿದ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಯಾರ ಮುಖವನ್ನೂ ನೋಡದೆ, "ಅವರೇ ಮಾಡ್ಲಿ ಬಿಡೋ," ಎಂದಳು.

ಈ ನೋಟಗಳ ಅರ್ಥವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೇಸ್ತ್ರಿ ಪಂಪು ಕಾರ್ಖಾನೆಯ ಜೋಡಣೆ ವಿಭಾಗದಲ್ಲಿದ್ದವರು. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಕೆಂಪು ಬಣ್ಣದ ಒಂದು ಸಣ್ಣ ಗೆರೆ ಎಳೆಯುವುದು ಅವರ ಪದ್ಧತಿ. ಗೆರೆ ನಟ್ಟಿನ ಮೇಲೆ ಶುರುವಾಗಿ ಬೋಲ್ಟಿನ ತುದಿಯವರೆಗೆ ಹೋಗಬೇಕು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಗೆರೆ ಇದೆ ಎಂದರೆ ಮೇಸ್ತ್ರಿ ನೋಡಿದ್ದಾರೆ, ಇನ್ನು ಯಾರೂ ಮುಟ್ಟಬೇಕಾಗಿಲ್ಲ ಎಂದರ್ಥ. ಕಾರ್ಖಾನೆಯಲ್ಲಿ ಅವರನ್ನು ಗೆರೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ನಿವೃತ್ತರಾದ ಮೇಲೆ ಕಣ್ಣಿಗೆ ಪೊರೆ ಬಂತು, ತೆಗೆಸಿದ್ದಾಯಿತು. ಕೈ ಸಣ್ಣಗೆ ನಡುಗತೊಡಗಿತು, ಅದಕ್ಕೆ ತೆಗೆಸುವಂಥದ್ದೇನೂ ಇರಲಿಲ್ಲ.

ಒಂದು ದಿನ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿದರು. ಅದು ಮೊದಲಿಗಿಂತ ಜೋರಾಗಿ ಸೋರಿತು. ಮಗ ರೇಗಿ ಬಾಯಿ ತೆರೆಯುವುದರೊಳಗೆ ಅಮ್ಮ ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, "ಅವರು ವಾಕಿಂಗ್ ಹೋದಾಗ ನಲ್ಲಿ ರಿಪೇರಿಯವನನ್ನ ಕರೆಸು. ಅವರಿಗೆ ಗೊತ್ತಾಗೋದು ಬೇಡ," ಎಂದಳು. ಹಾಗೇ ಆಯಿತು. ಆಮೇಲೆ ಇಸ್ತ್ರಿಪೆಟ್ಟಿಗೆ. ಮೇಸ್ತ್ರಿ ಸರಿಮಾಡಿದ ಮರುದಿನ ಸೊಸೆಗೆ ಶಾಕ್ ಹೊಡೆಯಿತು. ಮಗ ಅದೇ ಬಣ್ಣದ ಹೊಸದನ್ನು ತಂದು ಅದೇ ಜಾಗದಲ್ಲಿಟ್ಟ. ಆಮೇಲೆ ಫ್ಯಾನು, ಬಚ್ಚಲಿನ ಚಿಲಕ. ಮೇಸ್ತ್ರಿ ಮುಟ್ಟಿದ್ದಕ್ಕೆಲ್ಲ ಹಿಂದಿನಿಂದ ಇನ್ನೊಂದು ಕೈ ಬೀಳುತ್ತಿತ್ತು. ಮೂವರೂ ತಮ್ಮತಮ್ಮಲ್ಲಿ ಅದನ್ನು 'ಎರಡನೇ ಕೈ' ಎನ್ನುತ್ತಿದ್ದರು. "ಚಿಲಕಕ್ಕೆ ಎರಡನೇ ಕೈ ಆಯ್ತಾ?" ಎಂದು ಸೊಸೆ ಪಿಸುಗುಟ್ಟಿದರೆ, "ಆಯ್ತು, ಸುಮ್ನಿರು," ಎನ್ನುತ್ತಿದ್ದ ಮಗ. ಊಟಕ್ಕೆ ಕೂತ ಮೇಸ್ತ್ರಿ ಸೋರದ ನಲ್ಲಿಯತ್ತ ನೋಡಿ, "ಹೇಗಿದೆ ಕೆಲಸ?" ಎಂದು ಕೇಳುತ್ತಿದ್ದರು. "ನಿಮ್ಮ ಕೈ ಬಿದ್ಮೇಲೆ ಕೇಳ್ಬೇಕಾ," ಎನ್ನುತ್ತಿದ್ದಳು ಅಮ್ಮ. ಎಲ್ಲವೂ ಪ್ರೀತಿಯಿಂದಲೇ ನಡೆಯುತ್ತಿತ್ತು, ಅದರಲ್ಲಿ ಸಂಶಯ ಬೇಡ.

ಸೈಕಲ್ಲು ಬೇಕಾಗಿದ್ದುದು ಅಮ್ಮನಿಗೆ. ಅವಳು ಹೊಲಿಗೆಯವಳು. ನಡುಮನೆಯ ಕಿಟಕಿ ಪಕ್ಕದಲ್ಲಿ ಅವಳ ಮಷಿನ್ನು, ಬಟ್ಟೆ ಕತ್ತರಿಸುವ ಮೇಜು, ಮೇಜಿನ ತುದಿಯಲ್ಲಿ ಗುಂಡಿಗಳ ಡಬ್ಬಿ. ಶಾಲಾ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿದು, ಹಳೆಯ ಸೈಕಲ್ಲಿನ ಬುಟ್ಟಿಗೆ ತುಂಬಿಕೊಂಡು ತಾನೇ ಮನೆಮನೆಗೆ ಮುಟ್ಟಿಸುತ್ತಿದ್ದಳು. ಅದರಲ್ಲಿ ಅರ್ಧ ವ್ಯಾಪಾರ, ಅರ್ಧ ಹರಟೆ. ಹಿಂದಿನ ವರ್ಷ ಕಿವಿಯೊಳಗೆ ಏನೋ ಆಗಿ ತಲೆ ತಿರುಗತೊಡಗಿತು. ಎರಡು ಚಕ್ರದ ಸೈಕಲ್ಲು ಇನ್ನು ಬೇಡ ಎಂದರು ಡಾಕ್ಟರು. ಅಂದಿನಿಂದ ಬಟ್ಟೆ ಮುಟ್ಟಿಸುವ ಕೆಲಸ ಮಗ, ಸೊಸೆಯ ಪಾಲಿಗೆ ಬಂತು. ಹರಟೆಗೆ ಬದಲಿ ಯಾರೂ ಸಿಗಲಿಲ್ಲ. ಅಮ್ಮ ಕಿಟಕಿಯಿಂದ ಹೋಗುವವರನ್ನೆಲ್ಲ ಕೂಗಿ ಕರೆಯುವುದನ್ನು ನೋಡಲಾರದೆ ಮಗ ಈ ಮೂರು ಚಕ್ರದ್ದನ್ನು ತರಿಸಿದ್ದ.

ಮೊದಲ ಸಂಜೆ ಮೇಸ್ತ್ರಿ ಜೋಡಿಸಲು ತೊಡಗಲೇ ಇಲ್ಲ. ಚಿಕ್ಕ ಸಾಮಾನುಗಳ ಪೊಟ್ಟಣ ಬಿಚ್ಚಿ, ಅಮ್ಮನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದೊಂದನ್ನೇ ಸಾಲಾಗಿ ಇಟ್ಟು ಎಣಿಸಿದರು. ಸೊಸೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಿಂದ ಆಗಷ್ಟೇ ಬಂದಿದ್ದಳು. ತಟ್ಟೆ ಇಡಲು ಜಾಗ ಹುಡುಕುತ್ತ, "ಮಾವ, ಊಟ ಎಲ್ಲಿ ಬಡಿಸ್ಲಿ? ನಟ್ಟಿನ ಮೇಲಾ, ಬೋಲ್ಟಿನ ಮೇಲಾ?" ಎಂದಳು.

"ನೆಲದ ಮೇಲೆ ಬಡಿಸಮ್ಮ. ಅರವತ್ಮೂರು ಇರ್ಬೇಕು. ಅರವತ್ತೆರಡೇ ಇದೆ."

"ಏನು ಕಮ್ಮಿ?"

"ಒಂದು ವಾಷರ್. ಹಿಂದಿನ ಎಡ ಚಕ್ರದ್ದು."

ಮಗ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದಿದ್ದ, ಅನ್ನಕ್ಕೆ ಬೇಳೆ ಸುರಿದುಕೊಳ್ಳುತ್ತ, "ಒಂದು ವಾಷರ್ ಇಲ್ದಿದ್ರೆ ಸೈಕಲ್ ಓಡಲ್ವಾ ಅಪ್ಪ?" ಎಂದ.

"ಓಡುತ್ತೆ."

"ಮತ್ತೆ?"

"ನೀನು ಹತ್ತು ಮಾತ್ರೆ ಕೊಡೋ ಕಡೆ ಒಂಬತ್ತು ಕೊಡ್ತೀಯಾ?"

"ಅದು ಬೇರೆ."

"ಏನೂ ಬೇರೆ ಇಲ್ಲ. ದೊಡ್ಡ ಸಾಮಾನು ಕೆಟ್ರೆ ಶಬ್ದ ಮಾಡಿ ಹೇಳುತ್ತೆ. ಸಣ್ಣದು ಹೇಳಲ್ಲ. ಇಲ್ಲಿ ನೋಡು." ಮೇಸ್ತ್ರಿ ಕೂದಲಿಗೆ ಸಿಕ್ಕಿಸುವ ಕ್ಲಿಪ್ಪಿನಂಥ ಒಂದು ಪಿನ್ನನ್ನು ಬೆಳಕಿಗೆ ಹಿಡಿದರು. ಅದಕ್ಕೆ ಉಂಗುರದಂಥ ತಲೆ, ಎರಡು ಕಾಲು. "ಇದು ಸ್ಪ್ಲಿಟ್ ಪಿನ್. ಚಕ್ರದ ನಟ್ಟು ಬಿಗಿ ಮಾಡಿ, ಅಚ್ಚಿನ ತುದೀಲಿರೋ ತೂತಲ್ಲಿ ಇದನ್ನ ತೂರಿಸಿ, ಆ ಕಡೆ ಎರಡು ಕಾಲೂ ಅಗಲಿಸಿ ಮಡಚಬೇಕು. ಆಮೇಲೆ ನಟ್ಟು ಬೇಕು ಅಂದ್ರೂ ತಿರುಗಲ್ಲ. ಇದಿಲ್ದೆ ಇದ್ರೂ ಸೈಕಲ್ ಓಡುತ್ತೆ. ಎಷ್ಟು ದಿನ ಅಂತ ಮಾತ್ರ ಯಾರೂ ಹೇಳೋಕಾಗಲ್ಲ."

"ಆಯ್ತು, ಪಾಠ ಸಾಕು. ಅನ್ನ ತಣ್ಣಗಾಗ್ತಿದೆ," ಎಂದಳು ಅಮ್ಮ. ಆದರೂ ಗಂಡ ಹಾಗೆ ಪಾಠ ಹೇಳುವುದನ್ನು ಕೇಳಿ ಬಹಳ ದಿನವಾಗಿತ್ತು. ಅವಳ ಮುಖ ಅರಳಿತ್ತು.

ಆ ಒಂದು ವಾಷರಿಗಾಗಿ ಮೇಸ್ತ್ರಿ ಎರಡು ದಿನ ಬಿಸಿಲಲ್ಲಿ ಅಲೆದರು. ಮೊದಲ ಅಂಗಡಿಯದು ದಪ್ಪ, ಎರಡನೆಯದರ ತೂತು ದೊಡ್ಡದು. ಮೂರನೆಯ ಅಂಗಡಿಯವನು, "ಅಜ್ಜ, ಯಾವುದೋ ಒಂದು ಹಾಕಿ, ಯಾರು ನೋಡ್ತಾರೆ?" ಎಂದನಂತೆ. ಮೇಸ್ತ್ರಿ ಅವನ ಜೊತೆ ಜಗಳವಾಡಿಕೊಂಡು ಬಂದರು. ನಾಲ್ಕನೆಯ ಅಂಗಡಿಯಲ್ಲಿ ಸಿಕ್ಕಿತು. ಮನೆಗೆ ಬಂದು ಕರವಸ್ತ್ರದ ಗಂಟು ಬಿಚ್ಚಿ ಅಮ್ಮನಿಗೆ ತೋರಿಸಿದರು. "ಎರಡು ದಿನ ಅಲೆದು ತಂದದ್ದು ಇದಾ?" ಎಂದು ನಕ್ಕಳು ಅಮ್ಮ.

ಜೋಡಣೆಗೆ ಒಂದು ವಾರ ಹಿಡಿಯಿತು. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗ ಬೆಳಿಗ್ಗೆ ಬ್ರೆಡ್ಡು ಕಚ್ಚಿಕೊಂಡು ಚೈನಿನ ಮೇಲೆ ದಾಟುತ್ತ ಗೊಣಗಿದ, ಸೊಸೆಯ ಚಪ್ಪಲಿಗೆ ಗ್ರೀಸು ಮೆತ್ತಿತು. ಮೇಸ್ತ್ರಿ ಒಂದು ನಟ್ಟು ಹಿಡಿಯುವುದಕ್ಕೆ ಮೂರು ಸಲ ಪ್ರಯತ್ನಿಸುತ್ತಿದ್ದರು. ಬೀಳುತ್ತಿತ್ತು, ಎತ್ತಿಕೊಳ್ಳುತ್ತಿದ್ದರು. ನಾಲ್ಕನೆಯ ಸಲ ಕೂರುತ್ತಿತ್ತು. ಕೂತ ಮೇಲೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಎಲ್ಲ ಮುಗಿದಾಗ ಗೆರೆ ಎಳೆಯಲು ನೋಡಿದರೆ ಹಳೆಯ ಬಣ್ಣದ ಡಬ್ಬಿ ಒಣಗಿ ಕಲ್ಲಾಗಿತ್ತು.

"ಉಗುರಿಗೆ ಹಚ್ತೀಯಲ್ಲ, ಅದು ಕೆಂಪಿದೆಯೇನಮ್ಮ?"

"ಮಾವ! ಹೋದ ವಾರ ತಂದದ್ದು ಅದು."

"ಒಂದೊಂದು ಚುಕ್ಕೆ ಅಷ್ಟೇ."

ಅರ್ಧ ಬಾಟಲಿ ಖಾಲಿಯಾಯಿತು. ಪ್ರತಿ ನಟ್ಟಿಗೂ ಗೆರೆ ಬಿತ್ತು. ಎಡ ಚಕ್ರದ ಪಿನ್ನಿನ ತಲೆಗೂ ಕೆಂಪು ಹಚ್ಚಿ, "ಇದು ಮುಖ್ಯವಾದದ್ದು," ಎಂದು ಅವರಿಗೆ ಅವರೇ ಹೇಳಿಕೊಂಡರು.

ಶನಿವಾರ ಸಂಜೆ ಅಮ್ಮ ಏರಿ ಕೂತಳು. ಬೀದಿಯ ಆ ತುದಿಯವರೆಗೆ ಹೋಗಿ, ಗಂಟೆ ಬಾರಿಸಿ, ತಿರುಗಿಸಿಕೊಂಡು ಬಂದಳು. ದಾರಿಯಲ್ಲಿ ನಾಲ್ಕು ಮನೆಯ ಮುಂದೆ ನಿಲ್ಲಿಸಿ ಒಂದು ವರ್ಷದ ಬಾಕಿ ಮಾತು ಆಡಿಕೊಂಡು ಬಂದದ್ದರಿಂದ ಮುಕ್ಕಾಲು ಗಂಟೆ ಹಿಡಿಯಿತು. ಮೇಸ್ತ್ರಿ ಗೇಟಿನ ಬಳಿ ನಿಂತೇ ಇದ್ದರು.

"ಹೇಗಿದೆ ಕೆಲಸ?"

"ನಿಮ್ಮ ಕೈ ಬಿದ್ಮೇಲೆ ಕೇಳ್ಬೇಕಾ," ಎಂದಳು ಅಮ್ಮ. ಎಷ್ಟೋ ವರ್ಷದ ನಂತರ ಆ ಮಾತು ನಿಜವಾಗಿತ್ತು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಭಾನುವಾರ ಬೆಳಿಗ್ಗೆ ಚಹಾ ಬಗ್ಗಿಸುವಾಗ ಮೇಸ್ತ್ರಿಯ ಕೈ ನಡುಗಿ ಅರ್ಧ ಚಹಾ ಬಸಿಗೆ ಬಿತ್ತು. ಮಗ ಅದನ್ನು ನೋಡಿದ. ಅಮ್ಮ ಆ ಕೈ ಜೋಡಿಸಿದ್ದರ ಮೇಲೆ ಕೂತು ದೊಡ್ಡ ರಸ್ತೆಗೆ ಇಳಿಯುತ್ತಾಳಲ್ಲ ಎಂದುಕೊಂಡ. ಅಪ್ಪ ಅಮ್ಮ ಇಬ್ಬರೂ ಕಣ್ಣಿನ ಆಸ್ಪತ್ರೆಗೆ ಹೋದ ಮೇಲೆ ಅವನು ಇಕ್ಕಳ, ಸ್ಪ್ಯಾನರು ಹಿಡಿದು ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಸೊಸೆ ಆ ಹೊತ್ತು ಕೆಲಸದಲ್ಲಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕೆಂಪು ಗೆರೆಗಳೆಲ್ಲ ಅವನ ಕಣ್ಣಿಗೆ ಬಿದ್ದವು. ಅವುಗಳ ಅರ್ಥ ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದರೂ ಒಂದೊಂದನ್ನೇ ತಿರುಗಿಸಿ ನೋಡಿದ. ಯಾವುದೂ ಕದಲಲಿಲ್ಲ. ಕಡೆಗೆ ಎಡ ಚಕ್ರಕ್ಕೆ ಬಂದ. ಒಳಗೆ ಆ ವಾಷರ್ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಬೇಕೆಂದರೆ ನಟ್ಟು ಬಿಚ್ಚಬೇಕು, ನಟ್ಟು ಬಿಚ್ಚಬೇಕೆಂದರೆ ಪಿನ್ನು ತೆಗೆಯಬೇಕು. ಇಕ್ಕಳದಿಂದ ಪಿನ್ನಿನ ಮಡಚಿದ ಕಾಲನ್ನು ನೆಟ್ಟಗೆ ಮಾಡಲು ಹೋದ. ಒಂದು ಕಾಲು ಟಕ್ಕೆಂದು ಮುರಿಯಿತು. ನಟ್ಟು ಬಿಚ್ಚಿ ನೋಡಿದರೆ ವಾಷರ್ ತನ್ನ ಜಾಗದಲ್ಲೇ ಇತ್ತು. ಎಲ್ಲವೂ ತನ್ನ ಜಾಗದಲ್ಲೇ ಇತ್ತು. ಗೆರೆ ಮೇಸ್ತ್ರಿಯ ಕೆಲಸದಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ.

ಮಗ ನಟ್ಟನ್ನು ಮತ್ತೆ ಕೂರಿಸಿ ಬಲ ಹಾಕಿ ಬಿಗಿ ಮಾಡಿದ. ಮುರಿದ ಪಿನ್ನನ್ನು ಅಂಗಡಿಯಲ್ಲಿ ತೋರಿಸಿ ಅದೇ ಅಳತೆಯ ಹೊಸದು ತರೋಣ ಎಂದು ಅಂಗಿಯ ಜೇಬಿಗೆ ಹಾಕಿಕೊಂಡ. ನಾಳೆ ತಂದರಾಯಿತು, ನಟ್ಟು ಹೇಗೂ ಬಿಗಿಯಾಗಿದೆ, ಅಷ್ಟು ಸಣ್ಣ ಪಿನ್ನಿಗೆ ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡ.

ಸೋಮವಾರ ಅಂಗಡಿಯಲ್ಲಿ ಸ್ಟಾಕ್ ತಪಾಸಣೆಯಿತ್ತು, ಊಟಕ್ಕೂ ಬಿಡುವಾಗಲಿಲ್ಲ. ಮಂಗಳವಾರ ಸೊಸೆ ಬಟ್ಟೆ ಒಗೆಯುವ ಮುಂಚೆ ಜೇಬು ತಡಕಿದಳು. ಈ ಮನೆಯಲ್ಲಿ ಜೇಬಿನಲ್ಲಿ ಸಿಕ್ಕಿದ ಸಣ್ಣ ವಸ್ತು ಏನಿದ್ದರೂ ಗುಂಡಿ ಡಬ್ಬಿಗೆ ಹೋಗಬೇಕು, ಅದು ಅತ್ತೆಯ ಕಟ್ಟಳೆ. ಕೈಗೆ ಸಿಕ್ಕಿದ್ದನ್ನು ಅವಳು ಸರಿಯಾಗಿ ನೋಡದೆ ಡಬ್ಬಿಗೆ ಹಾಕಿದಳು. ಬುಧವಾರ ಮಗನಿಗೆ ಪಿನ್ನಿನ ನೆನಪಾಯಿತು, ಜೇಬು ನೋಡಿಕೊಂಡ, ಇರಲಿಲ್ಲ. ಅಮ್ಮ ಮೂರು ದಿನದಿಂದ ಓಡಿಸುತ್ತಲೇ ಇದ್ದಳು, ಏನೂ ಆಗಿರಲಿಲ್ಲ. ಭಾನುವಾರ ನೋಡೋಣ ಎಂದುಕೊಂಡ.

ಚಕ್ರ ಭಾನುವಾರದವರೆಗೆ ಕಾಯಲಿಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ ಅಮ್ಮ ಶಾಲೆಗೆ ಎಂಟು ಜೊತೆ ಸಮವಸ್ತ್ರ ಮುಟ್ಟಿಸಲು ಹೊರಟಳು. ಬೇಕರಿಯ ಮುಂದಿನ ಇಳಿಜಾರಿನಲ್ಲಿ ಎಡ ಚಕ್ರ ಕಳಚಿಕೊಂಡು ತನ್ನ ಪಾಡಿಗೆ ತಾನು ಮುಂದೆ ಓಡಿತು. ಸೈಕಲ್ಲು ಎಡಕ್ಕೆ ಮಗುಚಿತು. ಅಮ್ಮ ಸೊಂಟ ಕೆಳಗಾಗಿ ಚರಂಡಿಯ ಕಲ್ಲಂಚಿನ ಮೇಲೆ ಬಿದ್ದಳು. ಬೇಕರಿಯವನು ಅವಳನ್ನು ಎತ್ತಲು ಹೋದರೆ, "ನನ್ನನ್ನ ಬಿಡಪ್ಪ, ಬಟ್ಟೆ ಕೆಸರಾಗ್ತವೆ, ಮೊದ್ಲು ಅವನ್ನ ಎತ್ಕೋ," ಎಂದಳಂತೆ.

ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಮಾಡಿ ಕಬ್ಬಿಣ ಹಾಕಿದರು. "ವಾಕರ್ ಹಿಡ್ಕೊಂಡು ಮನೆಯೊಳಗೆ ನಾಲ್ಕು ಹೆಜ್ಜೆ ಇಡಬಹುದು," ಎಂದರು ಡಾಕ್ಟರು.

"ಮಷಿನ್ ತುಳೀಬಹುದಾ?" ಎಂದು ಕೇಳಿದಳು ಸೊಸೆ.

ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು.

ಮೇಸ್ತ್ರಿ ಆಸ್ಪತ್ರೆಗೆ ಬಂದದ್ದು ಎಲ್ಲರಿಗಿಂತ ತಡವಾಗಿ. ಅವರು ಮೊದಲು ಬೇಕರಿಯ ಇಳಿಜಾರಿಗೆ ಹೋಗಿದ್ದರು. ನಟ್ಟಿಗಾಗಿ ಚರಂಡಿಯಲ್ಲಿ ಕೈಯಾಡಿಸಿ ಹುಡುಕಿದರು, ಸಿಗಲಿಲ್ಲ. ಅಚ್ಚಿನ ತುದಿಯ ತೂತಿಗೆ ಬೆರಳಿಟ್ಟು ನೋಡಿದರು. ಆಮೇಲೆ ಆ ಚಕ್ರವೊಂದನ್ನೇ ಉರುಳಿಸಿಕೊಂಡು, ನೋಡುವವರ ನಡುವೆ, ಮನೆಯವರೆಗೆ ನಡೆದು ಬಂದು, ಅದನ್ನು ಗೋಡೆಗೊರಗಿಸಿಟ್ಟು ಆಸ್ಪತ್ರೆಗೆ ಬಂದರು. ಮೊಣಕೈವರೆಗೂ ಕೆಸರಿತ್ತು.

"ಪಿನ್ ಇಲ್ಲ," ಎಂದರು. "ಮುರಿದಿದ್ರೆ ತೂತಲ್ಲಿ ಚೂರಾದ್ರೂ ಇರ್ತಿತ್ತು. ನಾನು ಹಾಕಿಲ್ಲ."

ಮಗ ಗೋಡೆಗೆ ಒರಗಿ ನಿಂತಿದ್ದ. ಮಾತು ನಾಲಿಗೆಯ ತುದಿಗೆ ಬಂದಿತ್ತು. "ಕಂಪನಿಯದೇ ಏನೋ ದೋಷ ಇರ್ಬಹುದಪ್ಪ," ಎಂದುಬಿಟ್ಟ.

"ಇಲ್ಲ. ಹಾಕಿದ ಹಾಗೆ ನೆನಪಿದೆ ನಂಗೆ. ಎರಡು ಕಾಲೂ ಮಡಚಿದ್ದು, ಬಣ್ಣ ಹಚ್ಚಿದ್ದು, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ. ಇಲ್ಲದ್ದು ನೆನಪಾಗೋ ಕಾಲ ಬಂತು ಅಂತಾಯ್ತು." ಅವರು ಕೈಗಳನ್ನು ಮುಂದೆ ಹಿಡಿದು, ಬೇರೆ ಯಾರದೋ ವಸ್ತುವನ್ನು ನೋಡುವಂತೆ ನೋಡಿದರು. "ನನ್ನ ಕೈಯಾರೆ ಅವಳ ಸೊಂಟ ಮುರಿದೆ."

"ಹಾಗನ್ಬೇಡಿ ಮಾವ," ಎಂದು ಸೊಸೆ ಅತ್ತಳು. ಮಗ ನೀರಿನ ಬಾಟಲಿ ತರುತ್ತೇನೆಂದು ಹೊರಗೆ ಹೋದ. ಹೇಡಿ ಎನ್ನಬೇಕಾದರೆ ಇಲ್ಲಿ ಎನ್ನಬಹುದು. ಅವನೇ ತನ್ನನ್ನು ಹಾಗೆ ಎಷ್ಟೋ ಸಲ ಅಂದುಕೊಂಡ, ಬಾಟಲಿಯನ್ನೂ ತಂದ, ಬಾಯಿ ಮಾತ್ರ ಬಿಡಲಿಲ್ಲ.

ಅಮ್ಮ ಮನೆಗೆ ಬಂದಳು. ಹೊಲಿಗೆ ಮಷಿನ್ನನ್ನು ಮೂಲೆಗೆ ತಳ್ಳಿ ಕಿಟಕಿಯ ಪಕ್ಕ ಮಂಚ ಹಾಕಿದರು. ಗಂಜಿ ಕುಡಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ತೆಗೆಯುವುದು ಎಲ್ಲವನ್ನೂ ಮೇಸ್ತ್ರಿಯೇ ಮಾಡಿದರು. ಚಮಚ ಹಿಡಿದರೆ ಗಂಜಿ ಚೆಲ್ಲುತ್ತಿತ್ತು. ಲೋಟ ಹಿಡಿದು ಕುಡಿಸುವುದನ್ನು ಕಲಿತರು.

"ರೀ, ಆದದ್ದು ಆಯ್ತು. ಒಂದು ಪಿನ್ ಮರೆಯೋದು ಯಾರಿಗಾದ್ರೂ ಆಗುತ್ತೆ," ಎಂದಳು ಅಮ್ಮ.

"ನಂಗಾಗಬಾರದಿತ್ತು," ಎಂದರು ಮೇಸ್ತ್ರಿ.

ಎರಡನೆಯ ವಾರ ಗುಜರಿಯವನು ಬೀದಿಯಲ್ಲಿ ಕೂಗಿದಾಗ ಮೇಸ್ತ್ರಿ ಎದ್ದು ಹೋಗಿ ಅವನನ್ನು ಒಳಗೆ ಕರೆದರು. ಮೊದಲು ಸೈಕಲ್ಲು ಹೋಯಿತು, ಆಮೇಲೆ ಆ ಚಕ್ರ. ಆಮೇಲೆ ಒಳಗಿನಿಂದ ಸ್ಪ್ಯಾನರಿನ ಪೆಟ್ಟಿಗೆ ತಂದು ಗಾಡಿಯ ಮೇಲಿಟ್ಟರು.

"ಅಪ್ಪ, ಅದು ಯಾಕೆ? ಅದು ಇರ್ಲಿ!" ಎಂದು ಮಗ ಓಡಿಬಂದ.

"ಮನೇಲಿದ್ರೆ ಕೈ ಹೋಗುತ್ತೆ. ಹೋಗಬಾರದು."

ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ಸೈಕಲ್ಲು ಕಣ್ಣಿನಿಂದ ದೂರವಾದದ್ದಕ್ಕೆ ಮಗನಿಗೆ ಒಂದು ಕ್ಷಣ ಎದೆ ಹಗುರಾಯಿತು. ಹಾಗೆ ಹಗುರಾದದ್ದಕ್ಕೆ ಅವನಿಗೇ ಹೇಸಿಗೆಯಾಯಿತು.

ಅಂದಿನಿಂದ ಮೇಸ್ತ್ರಿ ಯಾವುದನ್ನೂ ಮುಟ್ಟಲಿಲ್ಲ. ಗಡಿಯಾರ ನಿಂತರೆ ನಿಂತದ್ದೇ. ಬಲ್ಬು ಹೋದರೆ, "ಮಗ ಬರ್ಲಿ," ಎನ್ನುತ್ತಿದ್ದರು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯಾಗಿದೆ ತೆಗೆದುಕೊಡಿ ಎಂದರೆ ಸೊಸೆಯ ಕೈಗೇ ವಾಪಸು ಕೊಡುತ್ತಿದ್ದರು. ಊಟಕ್ಕೆ ಕೂತಾಗ ನಲ್ಲಿಯ ಕಡೆ ನೋಡುತ್ತಿರಲಿಲ್ಲ.

ಐದನೆಯ ವಾರ, ಶನಿವಾರ ಮಧ್ಯಾಹ್ನ, ಸೊಸೆ ತನ್ನ ಕೆಲಸದ ಅಂಗಿಗೆ ಗುಂಡಿ ಹಚ್ಚಲೆಂದು ಡಬ್ಬಿಯನ್ನು ತಟ್ಟೆಗೆ ಸುರಿದಳು. ಬಿಳಿ ಗುಂಡಿಗಳ ನಡುವೆ ಒಂದು ಕೆಂಪು ತಲೆ ಕಂಡಿತು. ಎತ್ತಿ ನೋಡಿದಳು. ಅದು ಅವಳ ಉಗುರುಬಣ್ಣವೇ. ಒಂದು ಕಾಲು ಇತ್ತು, ಇನ್ನೊಂದು ಇರಲಿಲ್ಲ, ಇದ್ದ ಕಾಲಿನಲ್ಲಿ ಮಡಚಿದ ಗುರುತಿತ್ತು. ಯಾರ ಜೇಬಿನಲ್ಲಿ ಸಿಕ್ಕಿತ್ತು ಎಂಬುದು ಆಮೇಲೆ ನೆನಪಾಯಿತು. ಸೂಜಿ ಕೈಯಲ್ಲೇ ಉಳಿಯಿತು.

ಮಗ ಬಂದಾಗ ಅವಳು ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಕಾಯುತ್ತಿದ್ದಳು. ಅಂಗೈ ಬಿಚ್ಚಿ ತೋರಿಸಿದಳು.

"ಇದೇನ್ರೀ?"

ಅವನು ನೋಡಿದ. ಸುಳ್ಳು ಹೇಳಲು ಅವನಲ್ಲಿ ಏನೂ ಉಳಿದಿರಲಿಲ್ಲ. "ಎರಡನೇ ಕೈ ಹಾಕೋಕೆ ಹೋದೆ," ಎಂದ.

"ಮಾವ ಹಾಕಿದ್ರು."

"ಹಾಕಿದ್ರು. ಎಲ್ಲಾ ಸರಿಯಾಗೇ ಇತ್ತು. ನಾನೇ ಬಿಚ್ಚಿದ್ದು. ಮುರೀತು. ಹೊಸದು ತರ್ತೀನಿ ಅಂತ..."

"ಐದು ವಾರ!" ಅವಳು ಕಿರುಚಲಿಲ್ಲ, ಆದರೆ ಅವನು ಹಿಂದೆ ಸರಿದ. "ಐದು ವಾರದಿಂದ ಅವರು ಜೀವಂತ ಸಾಯ್ತಿರೋದನ್ನ ನೋಡ್ತಾ ಕೂತಿದ್ದೀರಲ್ರೀ! ಊಟ ಹೇಗೆ ಸೇರಿತು ನಿಮಗೆ?"

"ಸೇರಿಲ್ಲ."

"ಡಬ್ಬಿಗೆ ಹಾಕಿದ್ದು ನಾನೇ. ಒಂದು ಸಲ ಕಣ್ಣುಬಿಟ್ಟು ನೋಡಿದ್ರೆ..." ಅವಳು ಪಿನ್ನನ್ನು ಅವನ ಕೈಗೆ ಒತ್ತಿದಳು. "ನೀವು ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ. ನಾಳೆ."

"ಮತ್ತೆ ನಾಳೆ ಅನ್ಬೇಡಿ," ಎಂದಳು ಸೊಸೆ.

ಇಬ್ಬರೂ ಒಳಗೆ ಬಂದರು. ಅಮ್ಮ ದಿಂಬಿಗೆ ಒರಗಿ ಕೂತು ಬಟಾಣಿ ಸುಲಿಯುತ್ತಿದ್ದಳು. ಮೇಸ್ತ್ರಿ ಪಕ್ಕದ ಕುರ್ಚಿಯಲ್ಲಿದ್ದರು. ಮಗ ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತು ಪಿನ್ನನ್ನು ಅವರ ಅಂಗೈಯಲ್ಲಿಟ್ಟ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ: ಭಾನುವಾರ ಬೆಳಿಗ್ಗೆ, ಇಕ್ಕಳ, ಮುರಿದ ಕಾಲು, ಜೇಬು, ಸ್ಟಾಕ್ ತಪಾಸಣೆ. "ನಿಮ್ಮ ಕೆಲಸದಲ್ಲಿ ಒಂದು ತಪ್ಪೂ ಇರ್ಲಿಲ್ಲಪ್ಪ. ಅಮ್ಮನ ಸೊಂಟ ಮುರಿದದ್ದು ನಾನು."

ಬಟಾಣಿಯ ತಟ್ಟೆ ಅಮ್ಮನ ತೊಡೆಯ ಮೇಲಿಂದ ಜಾರಿತು. ಯಾರೂ ಎತ್ತಲಿಲ್ಲ.

ಮೇಸ್ತ್ರಿ ಪಿನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಮಗ ಅವರ ಮುಖವನ್ನೇ ನೋಡುತ್ತಿದ್ದ. ಬೈಯಲಿ, ಕೆನ್ನೆಗೆ ಹೊಡೆಯಲಿ ಎಂದು ಕಾಯುತ್ತಿದ್ದ. ಮೇಸ್ತ್ರಿ ನಿಧಾನಕ್ಕೆ ನಕ್ಕರು.

"ಚೆನ್ನಾಗಿ ಮಾಡಿದ್ದೀಯ," ಎಂದರು. "ಒಂದು ಸಲ ಮಡಚಿ, ಆಮೇಲೆ ಮುರಿದು. ಬಣ್ಣಾನೂ ಹಚ್ಚಿದ್ದೀಯ. ಅದೇ ಬಾಟ್ಲಿ ಅಲ್ವಾ?"

"ಅಪ್ಪ! ಇದು ಈಗ ಮಾಡಿದ್ದಲ್ಲ. ನೀವು ಹಾಕಿದ ಪಿನ್ನೇ ಇದು. ನಿಮ್ಮಾಣೆ."

"ಆಣೆ ಹಾಕ್ಬೇಡ." ಅವರು ಮಗನ ತಲೆಯ ಮೇಲೆ ಕೈಯಿಟ್ಟರು. "ನಲ್ಲಿ ನಾನು ಸರಿ ಮಾಡಿದ್ದಲ್ಲ ಅಂತ ನಂಗೆ ಅವತ್ತೇ ಗೊತ್ತು ಕಣೋ. ನಾನು ಹಾಕಿದ್ದು ಕಪ್ಪು ರಬ್ಬರು, ಸಂಜೆ ನೋಡಿದ್ರೆ ಬಿಳೀದು. ಇಸ್ತ್ರಿಪೆಟ್ಟಿಗೆ ವೈರೇ ಬೇರೆ. ಫ್ಯಾನೂ ಗೊತ್ತು, ಚಿಲಕಾನೂ ಗೊತ್ತು. ನೀವು ಮೂರು ಜನ ಅಷ್ಟು ಕಷ್ಟಪಟ್ಟು ನನ್ನ ಮಾನ ಉಳಿಸ್ತಿದ್ರಿ, ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ. ಈ ಸೈಕಲ್ ಒಂದಾದ್ರೂ ನನ್ನ ಕೈಲಿ ಆಯ್ತು ಅಂದ್ಕೊಂಡಿದ್ದೆ. ಇರ್ಲಿ. ಇದಕ್ಕೂ ಎರಡನೇ ಕೈ ಹಾಕೋಕೆ ಬಂದೆಯಲ್ಲ, ಒಳ್ಳೆ ಮಗ ನೀನು."

ಆ ಹೆಸರೂ ಅವರಿಗೆ ಗೊತ್ತಿತ್ತು.

"ಮಾವ, ನಿಜ ಮಾವ! ಇದನ್ನ ಡಬ್ಬಿಗೆ ಹಾಕಿದ್ದು ನಾನೇ," ಎಂದು ಸೊಸೆ ಮುಂದೆ ಬಂದಳು.

"ನೀನೂ ಒಳ್ಳೆಯವಳೇ ಕಣಮ್ಮ."

ಅಮ್ಮ ಮಂಚದ ಅಂಚು ಹಿಡಿದು ಅವರ ಕಡೆ ವಾಲಿದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ರೀ, ಅವನ ಮುಖ ನೋಡ್ರಿ. ಹೆತ್ತವಳು ನಾನು, ನಂಗೆ ಗೊತ್ತಾಗಲ್ವಾ? ಅವನು ನಿಜ ಹೇಳ್ತಿದ್ದಾನೆ. ನೀವು ಪಿನ್ ಹಾಕಿದ್ರಿ."

ಮೇಸ್ತ್ರಿ ಹೆಂಡತಿಯನ್ನು ಬಹಳ ಅಕ್ಕರೆಯಿಂದ ನೋಡಿದರು.

"ಅವನಿಗೆ ಇದನ್ನೆಲ್ಲಾ ಕಲಿಸಿದವಳೇ ನೀನಲ್ವಾ," ಎಂದರು.

ಆಮೇಲೆ ಬಗ್ಗಿ ಬಟಾಣಿಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ಮಗ ನೆಲದ ಮೇಲೆ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅಪ್ಪನಿಗೆ ಒಂದು ಸುಳ್ಳನ್ನೂ ಅನುಮಾನ ಬರದಂತೆ ಹೇಳಲು ಬಾರದವನು, ನಿಜವನ್ನು ನಂಬಿಸುವುದು ಹೇಗೆ? ಮರುದಿನ ಮತ್ತೆ ಹೇಳಿದ. ಅದರ ಮರುದಿನವೂ ಹೇಳಿದ. ಗುಜರಿಯವನನ್ನು ಹುಡುಕಿಕೊಂಡು ಹೋದ. ಸೈಕಲ್ಲನ್ನು ಕತ್ತರಿಸಿ ತೂಕಕ್ಕೆ ಹಾಕಿಯಾಗಿತ್ತು, ಸ್ಪ್ಯಾನರಿನ ಪೆಟ್ಟಿಗೆಯನ್ನು ಯಾರೋ ಕೊಂಡುಹೋಗಿದ್ದರು. ಪ್ರತಿಸಲವೂ ಮೇಸ್ತ್ರಿ, "ಆಯ್ತು ಕಣೋ, ನಂಬಿದೆ," ಎನ್ನುತ್ತಿದ್ದರು. ಸೋರದ ನಲ್ಲಿಯನ್ನು ನಂಬಿದ ಹಾಗೆಯೇ.

ಏಳನೆಯ ವಾರ ಅಮ್ಮ ಮೊದಲ ಸಲ ವಾಕರ್ ಹಿಡಿದು ಎದ್ದು ನಿಂತಳು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಕಿಟಕಿಯಿಂದ ಬಿಸಿಲು ಒಳಗೆ ಬಂದಿತ್ತು. ಒಂದು ಹೆಜ್ಜೆ ಇಟ್ಟಳು, ಎರಡು ಇಟ್ಟಳು. ಮೂರನೆಯದಕ್ಕೆ ವಾಕರಿನ ಒಂದು ಕಾಲು ಲಟಲಟ ಎಂದಿತು.

"ರೀ, ಇದರ ಕಾಲು ಅಲ್ಲಾಡ್ತಿದೆ. ಸ್ಕ್ರೂ ಸಡಿಲ ಆಗಿರ್ಬೇಕು, ಸ್ವಲ್ಪ ನೋಡ್ರಿ." ಅವಳು ಬೇಕೆಂದೇ ಅವರನ್ನು ಕರೆದಿದ್ದಳು, ಹಿಂದಿನ ದಿನ ಅದನ್ನು ತಾನೇ ಒಂದು ಸುತ್ತು ಸಡಿಲ ಮಾಡಿಟ್ಟಿದ್ದಳು.

ಮೇಸ್ತ್ರಿ ಬಂದು ಮೊಣಕಾಲೂರಿ ಕೂತರು. ಸಡಿಲವಾದ ಜಾಗವನ್ನು ಅವರ ಕಣ್ಣು ತಕ್ಷಣ ಹಿಡಿಯಿತು. ಬೆರಳು ಸ್ಕ್ರೂವಿನ ಹತ್ತಿರದವರೆಗೆ ಹೋಯಿತು. ಕೈಯಲ್ಲೇ ಒಂದು ಸುತ್ತು ತಿರುಗಿಸಿದರೆ ಸಾಕಿತ್ತು.

"ಮಗ ಸಂಜೆ ಬರ್ತಾನೆ. ಅವನು ನೋಡ್ಲಿ," ಎಂದರು.

"ಅಲ್ಲಿಯವರೆಗೆ?"

ಮೇಸ್ತ್ರಿ ಅಲ್ಲಾಡುತ್ತಿದ್ದ ಆ ಕಾಲನ್ನು ನೆಲಕ್ಕೊತ್ತಿ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು.

"ನೀನು ನಿಂತ್ಕೋ," ಎಂದರು. "ನಾನು ಹಿಡ್ಕೊಂಡಿರ್ತೀನಿ."